ಸೌಟಿನ ಗುರುತು

ನಮ್ಮಪ್ಪ ಗುರುತಿನ ಸುತ್ತಿಗೆ ಮಾಡಿಸಲು ಹೋದಾಗ ಕಮ್ಮಾರನಿಗೆ ಎಲೆಯ ಚಿತ್ರ ಬರೆದು ಕೊಟ್ಟಿದ್ದನಂತೆ. ಕಮ್ಮಾರ ಊಟಕ್ಕೆ ಹೊತ್ತಾಯಿತೆಂಬ ಅವಸರದಲ್ಲಿ ಕೆತ್ತಿದನೋ ಏನೋ, ದಿಮ್ಮಿಯ ತುದಿಗೆ ಹೊಡೆದು ನೋಡಿದರೆ ಮೂಡಿದ್ದು ಎಲೆಯಲ್ಲ, ಸೌಟು. ಅಪ್ಪ ಸಾಯುವವರೆಗೂ ಅದನ್ನು ಎಲೆ ಎಂದೇ ವಾದಿಸಿದ. ಊರು ಕೇಳಬೇಕಲ್ಲ! ನಮ್ಮ ಮರ ಕೊಯ್ಯುವ ಮಿಲ್ಲು ಸೌಟಿನ ಮಿಲ್ಲಾಯಿತು, ಅಪ್ಪ ಹೋದ ಮೇಲೆ ಅಣ್ಣ ಸೌಟಣ್ಣನಾದ. ನನ್ನನ್ನು ಸೌಟಕ್ಕ ಎನ್ನುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ನಾನು ಗರಗಸದ ಹಲ್ಲು ಮಸೆಯುವವಳು. ಬಿಡುವು ಸಿಕ್ಕಿದರೆ ನಾಲಿಗೆಯನ್ನೂ ಮಸೆದಿಟ್ಟುಕೊಳ್ಳುತ್ತೇನೆ ಎಂದು ಅತ್ತಿಗೆ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಹೇಳಲಿ ಬಿಡಿ, ಸುಳ್ಳೇನಲ್ಲ.

ಗುರುತಿನ ವಿಷಯ ಮೊದಲೇ ಹೇಳಿಬಿಡಬೇಕು. ನಮ್ಮ ಕಸುಬಿನಲ್ಲಿ ಮರ ಕೊಂಡವನು ದಿಮ್ಮಿಯ ತುದಿಗೆ ತನ್ನ ಸುತ್ತಿಗೆಯಿಂದ ಒಂದು ಏಟು ಹಾಕುತ್ತಾನೆ. ಅಚ್ಚು ಮೂಡಿತೋ, ಆ ದಿಮ್ಮಿ ಅವನದು. ರಸ್ತೆಯ ಬದಿಯಲ್ಲಿ ಮಳೆಗಾಲ ಪೂರ್ತಿ ಬಿದ್ದಿದ್ದರೂ ಇನ್ನೊಬ್ಬ ಕೈ ಹಾಕುವುದಿಲ್ಲ. ಅದನ್ನು ಬೇರೆಯವರಿಗೆ ಮಾರಿದರೆ, ಮಾರಿದವನೇ ಗುರುತಿರುವ ತುದಿಯಿಂದ ಒಂದು ಬಿಲ್ಲೆಯನ್ನು ಕೊಯ್ದು ತೆಗೆಯುತ್ತಾನೆ. ಇನ್ನು ಇದು ನನ್ನದಲ್ಲ ಎಂದು ಹಾಗೆ ಹೇಳಿದಂತೆ. ಕೊಂಡವನು ಹೊಸ ಮುಖದ ಮೇಲೆ ತನ್ನ ಗುರುತು ಹೊಡೆದುಕೊಳ್ಳುತ್ತಾನೆ. ರಸೀದಿ ಗಿಸೀದಿ ಎಲ್ಲ ಆಮೇಲಿನ ಮಾತು.

ಅಣ್ಣನಂಥ ಸಾಧು ಈ ಕಸುಬಿಗೆ ಹೇಗೆ ಬಂದನೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಜಗಳವಾದರೆ ಅವನೇ ಕ್ಷಮೆ ಕೇಳುತ್ತಾನೆ, ತಪ್ಪು ಯಾರದೇ ಇರಲಿ. ಅವನ ಒಂದೇ ಹಟವೆಂದರೆ ಸೀಳಿದ ಮರ. ಯಾರ ಮನೆಗೆ ಹೋದರೂ ಮೇಜಿನ ಅಡಿಗೆ ಬಗ್ಗಿ ನೋಡಿ ಲೊಚಗುಟ್ಟುತ್ತಾನೆ. ಹೆಣ್ಣು ನೋಡಲು ಹೋದ ದಿನ ಹುಡುಗಿಯ ಮುಖ ನೋಡುವ ಮೊದಲು ಬಾಗಿಲಿನ ಬಿರುಕು ನೋಡಿದ್ದನಂತೆ. ಅತ್ತಿಗೆ ಅದನ್ನು ಇನ್ನೂ ಮರೆತಿಲ್ಲ. ದಿಮ್ಮಿಯ ತುದಿ ಒಣಗಿ ಬಿರಿಯಿತೆಂದರೆ ಅವನಿಗೆ ಊಟ ಸೇರುವುದಿಲ್ಲ. ಅಲ್ಲಿಂದ ಬಿರುಕು ಒಳಕ್ಕೆ ಓಡುತ್ತದೆ, ಬೇಗ ಕೊಯ್ದು ತೆಗೆಯಬೇಕು ಎಂದು ಕೈ ಕೈ ಹಿಸುಕಿಕೊಳ್ಳುತ್ತಾನೆ.

ಅವನ ಎಡಗೈಯ ಉಂಗುರದ ಬೆರಳು ಅರ್ಧ ಇಲ್ಲ. ಹಿಂದೆ ಬ್ಲೇಡನ್ನು ಪೇಟೆಯವನೊಬ್ಬ ಮಸೆದುಕೊಡುತ್ತಿದ್ದ. ಒಂದು ಸಲ ಹಲ್ಲುಗಳನ್ನು ಏರುಪೇರಾಗಿ ಮಸೆದು ಕಳಿಸಿದ. ಅಂಥ ಬ್ಲೇಡಿಗೆ ಮರ ಕೊಟ್ಟರೆ ಅದು ಕಚ್ಚಿಕೊಂಡು ಹಿಂದಕ್ಕೆ ಎಗರುತ್ತದೆ, ದೂಡುತ್ತಿರುವವನ ಮೇಲೇ ಬರುತ್ತದೆ. ಅಣ್ಣನ ಪುಣ್ಯ, ಎದೆಗೆ ಬಂದದ್ದು ಬೆರಳಿನಲ್ಲಿ ಹೋಯಿತು. ಆವತ್ತು ಅಪ್ಪ ಅರವನ್ನು ತಂದು ನನ್ನ ಕೈಗೆ ಕೊಟ್ಟ. "ನಿನ್ನ ಅಣ್ಣನ ಜೀವ ನಿನ್ನ ಕೈಯಲ್ಲಿದೆ, ನೋಡಿಕೊಂಡು ಮಸೆ," ಎಂದ. ಅಂದಿನಿಂದ ಆ ಬ್ಲೇಡನ್ನು ಬೇರೆ ಯಾರಿಗೂ ಮುಟ್ಟಲು ಬಿಟ್ಟಿಲ್ಲ.

ಇನ್ನು ತೋಟದಣ್ಣ. ನಮ್ಮ ಮಿಲ್ಲು ಹೊಳೆಯ ಹತ್ತಿರ ತಗ್ಗಿನಲ್ಲಿ, ಅವನ ಹಣ್ಣಿನ ತೋಟ ಮತ್ತು ಮನೆ ಮೇಲೆ ದಿಬ್ಬದಲ್ಲಿ. ಅಣ್ಣನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಅಂದರೆ ಓದದೆ ಕೂತವರು. ಒಂದೇ ತಟ್ಟೆಯಲ್ಲಿ ಉಂಡವರು. ಅವನ ಹಣ್ಣಿನ ಪೆಟ್ಟಿಗೆಗಳಿಗೆಲ್ಲ ಹಲಗೆ ನಮ್ಮ ಮಿಲ್ಲಿನದೇ. ನನ್ನನ್ನು ತಂಗಿ ಎಂದು ಕರೆಯುತ್ತಿದ್ದ. ನನಗೆ ಜ್ವರ ಬಂದು ಮಲಗಿದ್ದಾಗ ಹಣ್ಣಿನ ಬುಟ್ಟಿ ಹೊತ್ತು ತಂದು, "ತಂಗಿ, ನೀನು ಬೈಯದೆ ಊರೇ ಬಿಕೋ ಅಂತಿದೆ, ಬೇಗ ಏಳು," ಎಂದು ನಗಿಸಿ ಹೋಗಿದ್ದ. ಹಾಳಾದವನು, ಆ ಮಾತು ಇನ್ನೂ ನೆನಪಿನಿಂದ ಹೋಗುತ್ತಿಲ್ಲ.

ಆ ಬಿರುಗಾಳಿ ಬಂದಾಗ ನಮ್ಮ ಮಿಲ್ಲಿನ ತಗಡಿನ ಛಾವಣಿ ಕಂಬ ಸಮೇತ ಕುಸಿದು ಮೆಷಿನ್ನಿನ ಮೇಲೆ ಮಲಗಿತು. ಹೊಳೆ ಅಂಗಳಕ್ಕೆ ನುಗ್ಗಿತು. ವರ್ಷಕ್ಕಾಗುವಷ್ಟು ದಿಮ್ಮಿ ಕೊಂಡು ಪೇರಿಸಿಟ್ಟಿದ್ದೆವು. ಎಲ್ಲ ಕೆಸರಿನಲ್ಲಿ ಹೊರಳಾಡುತ್ತಿದ್ದವು. ತೋಟದಣ್ಣನ ಗತಿಯೂ ಅದೇ. ಹಣ್ಣಿನ ಮರಗಳು ಬೇರು ಮೇಲಾಗಿ ಬಿದ್ದಿದ್ದವು. ಅಣ್ಣ ಕುಸಿದ ಛಾವಣಿಯ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಅವನೇ ಟ್ರ್ಯಾಕ್ಟರ್ ತಂದ.

"ಏಳೋ ಸೌಟು. ಅಳೋದಕ್ಕೆ ಆಮೇಲೆ ಟೈಮಿದೆ. ಕೆಸರಲ್ಲಿ ಬಿಟ್ರೆ ಮರ ಕೊಳೆತು ಹೋಗುತ್ತೆ. ನನ್ನ ಅಂಗಳ ಎತ್ತರದಲ್ಲಿದೆ, ಅಲ್ಲಿ ಪೇರಿಸು," ಎಂದ.

"ನಿನ್ನ ತೋಟನೇ ಮಲಗಿದೆಯಲ್ಲೋ. ನಿನ್ನ ಕೆಲಸ ಬಿಟ್ಟು..."

"ನನ್ನದು ಮಲಗಿದ್ದು ಮಲಗಿದೆ, ಎಬ್ಬಿಸಿದ್ರೆ ಏಳುತ್ತಾ? ಹಗ್ಗ ಹಿಡಿ."

ಅಣ್ಣನ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಹೇಳಿಕೊಳ್ಳಲು ನಾಚಿಕೆಯೇನು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಒಂದೊಂದೇ ದಿಮ್ಮಿಯನ್ನು ದಿಬ್ಬಕ್ಕೆ ಎಳೆದು ಹಾಕಿದೆವು. ಎಲ್ಲದರ ತುದಿಯಲ್ಲೂ ನಮ್ಮ ಸೌಟು.

ಆಮೇಲೆ ಮೈಕು ಕಟ್ಟಿದ ಜೀಪು ಬಂತು. ಹೊಲ, ತೋಟ, ಮರದ ವ್ಯಾಪಾರ, ಗಾಳಿಗೆ ಯಾರಿಗೆ ನಷ್ಟವಾಗಿದೆಯೋ ಅವರಿಗೆಲ್ಲ ಸರ್ಕಾರದ ಪರಿಹಾರ ಎಂದು ಕೂಗಿಕೊಂಡು ಹೋಯಿತು. ಅತ್ತಿಗೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಹಾಳಾದ ಮರಕ್ಕೆ ಪರಿಹಾರ ಬಂದರೆ ಛಾವಣಿ ಎದ್ದು ನಿಲ್ಲುತ್ತದೆ, ಮೆಷಿನ್ ರಿಪೇರಿಯಾಗುತ್ತದೆ, ಮಿಲ್ಲು ಮತ್ತೆ ಓಡುತ್ತದೆ. ಬರದಿದ್ದರೆ ಮುಚ್ಚಿದಂತೆಯೇ. ನಮ್ಮ ಲೆಕ್ಕಾಚಾರ ಇಷ್ಟೇ ಇತ್ತು. ಅಣ್ಣ ಆ ರಾತ್ರಿ ಊಟ ಮಾಡುತ್ತ ಮೊದಲ ಸಲ ನಕ್ಕ.

ತೋಟದಣ್ಣ ಆಫೀಸಿಗೆ ಹೋಗಿ ವಿಚಾರಿಸಿಕೊಂಡು ಬಂದ. ಅವನ ಮರಗಳು ಮುದಿಯಾಗಿದ್ದವು, ಫಸಲು ಬಿಡುವುದು ನಿಂತಿತ್ತು; ಅಂಥ ಮರಕ್ಕೆ ಪರಿಹಾರವಿಲ್ಲವಂತೆ. ಅದನ್ನು ಹೇಳುವಾಗ ಅವನ ಮುಖ ಸಣ್ಣಗಾಗಿತ್ತು. ಅಣ್ಣ ಅವನ ಭುಜ ಹಿಡಿದು, "ನನಗೆ ಬಂದ್ರೆ ನಿನಗೆ ಬಂದ ಹಾಗೇ ಕಣೋ," ಎಂದ. ಮಾತಿಗೆ ಹೇಳಿದ್ದಲ್ಲ ಅದು. ಕೊಡುತ್ತಿದ್ದ, ಅಂಥ ಪ್ರಾಣಿ ಅವನು.

ಬಿಸಿಲು ಬಿತ್ತು. ನೆಂದ ದಿಮ್ಮಿಗಳ ತುದಿಗಳು ಬಿರಿಯತೊಡಗಿದವು. ನಷ್ಟ ನೋಡಿ ಬರೆದುಕೊಳ್ಳಲು ಪರಿಹಾರದ ಆಫೀಸಿನ ಮೇಡಂ ನಾಳೆ ಬರುತ್ತಾರೆ ಎನ್ನುವ ದಿನ ಅಣ್ಣ ತೋಟದಣ್ಣನ ಅಂಗಳಕ್ಕೆ ಹೋದವನು ಸಂಜೆಯವರೆಗೂ ಬರಲಿಲ್ಲ. ನಾನು ಮಿಲ್ಲಿನಲ್ಲಿ ತಗಡಿನ ಅಡಿಯಿಂದ ಸಾಮಾನು ಎಳೆದು ತೊಳೆಯುತ್ತಿದ್ದೆ. ದಿಬ್ಬದಿಂದ ಕೈಮೆಷಿನ್ ಗರಗಸದ ಸದ್ದು ಕೇಳುತ್ತಿತ್ತು. ಪಾಪ, ತೋಟದಣ್ಣನ ಬಿದ್ದ ಮರ ಕೊಯ್ದು ಕೊಡುತ್ತಿದ್ದಾನೆ ಎಂದುಕೊಂಡೆ.

ಬಂದವನ ಕೂದಲಲ್ಲೆಲ್ಲ ಮರದ ಪುಡಿ. ಮುಖದಲ್ಲಿ ಸಂತೋಷ.

"ತುದಿ ಎಲ್ಲಾ ಕೊಯ್ದುಬಿಟ್ಟೆ. ಈಗ ನೋಡೋಕೆ ಎಷ್ಟು ಚೆನ್ನಾಗಿದೆ ಗೊತ್ತಾ!"

ಕೈಯಲ್ಲಿದ್ದುದನ್ನು ಕೆಳಗಿಟ್ಟೆ. "ಅಯ್ಯೋ, ಗುರುತು?"

"ಹೋಯ್ತು. ತುದಿ ಜೊತೆ ಅದೂ ಹೋಗಲ್ವೇನೆ? ಸೀಳಿದ ತುದಿ ನೋಡಿದ್ರೆ ಮೇಡಂ ಇದು ಗಾಳಿ ಬರೋಕೆ ಮೊದಲೇ ಹಾಳಾದ ಹಳೇ ಮರ ಅಂತಾರಂತೆ. ಅವನೇ ಹೇಳಿದ, ಒಂದೊಂದು ಬಿಲ್ಲೆ ತೆಗೆದುಬಿಡು, ಆಮೇಲೆ ಮತ್ತೆ ಗುರುತು ಹೊಡ್ಕೋ ಅಂತ."

"ಸುತ್ತಿಗೆ ಎಲ್ಲಿದೆ ಹೊಡ್ಕೊಳ್ಳೋಕೆ? ಆ ತಗಡಿನ ಅಡಿ ಬಿದ್ದಿದೆಯಲ್ಲ!"

"ಹುಡುಕಿದ್ರೆ ಸಿಗುತ್ತೆ ಬಿಡೇ. ಎಲ್ಲದಕ್ಕೂ ನಿನ್ನದೊಂದು ಗಲಾಟೆ. ಮರ ಇರೋದು ಯಾರ ಮನೇಲಿ, ಕಳ್ಳರ ಮನೇಲಾ?"

ಬೆಳಕು ಹರಿದದ್ದೇ ತಡ, ಅತ್ತಿಗೆಯೂ ನಾನೂ ತಗಡು ಎತ್ತಿ ಸುತ್ತಿಗೆ ಹುಡುಕಿದೆವು. ಸಿಗಲಿಲ್ಲ. ಅಷ್ಟರಲ್ಲಿ ಮೇಡಂ ಜೀಪು ಬಂದೇಬಿಟ್ಟಿತು. ನೀನು ಮಿಲ್ಲಿನ ಹತ್ತಿರ ಇರು, ಮೇಲೆ ನಾನು ತೋರಿಸುತ್ತೇನೆ ಎಂದು ತೋಟದಣ್ಣ ಹೇಳಿದ್ದರಿಂದ ಅಣ್ಣ ಅಲ್ಲೇ ನಿಂತಿದ್ದ. ಮೇಡಂ ಒಳ್ಳೆಯ ಹೆಂಗಸು. ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರು, ಕುಸಿದ ಛಾವಣಿಯ ಫೋಟೋ ತೆಗೆದರು, ಖಾಲಿ ಅಂಗಳದ ಫೋಟೋವನ್ನೂ ತೆಗೆದರು. ಮರ ಎಲ್ಲಿ ಎಂದು ಕೇಳಿದರು. ಮೇಲೆ ಸ್ನೇಹಿತನ ಅಂಗಳದಲ್ಲಿ ಎಂದು ಅಣ್ಣ ಹೇಳಿದ. ಅಲ್ಲಿಗೂ ಹೋಗುವವಳಿದ್ದೇನೆ, ನೋಡುತ್ತೇನೆ ಎಂದರು. ನಾವು ನೆಮ್ಮದಿಯಿಂದ ಚಹಾ ಕುಡಿದೆವು.

ಮಾರನೆಯ ದಿನ ತೋಟದಣ್ಣ ಟ್ರ್ಯಾಕ್ಟರಿನಲ್ಲಿ ಆ ಬಿಲ್ಲೆಗಳನ್ನೆಲ್ಲ ತುಂಬಿ ನಮ್ಮ ಮನೆಗೆ ಕಳಿಸಿದ. ಚಳಿ ಶುರುವಾಗುತ್ತಿದೆ, ಒಲೆಗಾಗುತ್ತದೆ ಎಂದು ಹೇಳಿ ಕಳಿಸಿದ್ದ. ಅತ್ತಿಗೆಗೆ ಖುಷಿಯೋ ಖುಷಿ. "ನೋಡು, ತಾನೇ ಕಷ್ಟದಲ್ಲಿದ್ರೂ ನಮ್ಮ ಒಲೆ ನೆನಪಿಟ್ಕೊಂಡಿದ್ದಾನೆ. ನಿನ್ನ ಅಣ್ಣಂಗೆ ಸ್ನೇಹಿತರು ಅಂತ ಇದ್ರೆ ಅವನೊಬ್ಬನೇ," ಎಂದಳು. ಆ ಚಳಿಗಾಲ ಪೂರ್ತಿ ನಮ್ಮ ಮನೆ ಬೆಚ್ಚಗಿತ್ತು. ಆ ಬೆಂಕಿಯಲ್ಲೇ ನೀರು ಕಾಯಿಸಿದೆವು, ಅಡುಗೆ ಮಾಡಿದೆವು, ಅದರ ಮುಂದೆಯೇ ಕೂತು ಪರಿಹಾರ ಯಾವಾಗ ಬರುತ್ತದೆ ಎಂದು ಮಾತಾಡಿಕೊಂಡೆವು. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಬಂತು. ಯಾರಿಗೆ ಬಂತು ಎನ್ನುವುದು ಆಫೀಸಿನ ಗೋಡೆಯ ಮೇಲೆ ಅಂಟಿಸಿದ್ದರು. ಮರ ನಷ್ಟವಾದವರಲ್ಲಿ ತೋಟದಣ್ಣ ಇದ್ದ. ನಾವಿರಲಿಲ್ಲ. ಒಳಗೆ ಕೇಳಿದರೆ ಗುಮಾಸ್ತ ಮುಖ ಎತ್ತದೆ ಹೇಳಿದ: ಬಾಯಿಮಾತು ನಡೆಯುವುದಿಲ್ಲ, ಗುರುತಿಲ್ಲದ ದಿಮ್ಮಿ ಯಾರ ಜಾಗದಲ್ಲಿದೆಯೋ ಅವರದು. ಮಾಲೇ ಇಲ್ಲದ ಮಿಲ್ಲು ಮುಚ್ಚಿದ ಮಿಲ್ಲು, ಅದರ ಛಾವಣಿಗೂ ಏನೂ ಇಲ್ಲ.

"ಅವನೇನು ಮಾಡ್ತಾನೆ, ಮೇಡಂ ತಪ್ಪು ತಿಳ್ಕೊಂಡಿದ್ದಾರೆ ಅಷ್ಟೆ," ಎಂದ ಅಣ್ಣ ದಾರಿಯುದ್ದಕ್ಕೂ. "ಅವನ ಕೈಗೆ ಬಂದ್ರೇನು, ನನ್ನ ಕೈಗೆ ಬಂದ್ರೇನು? ಬಂದ ತಕ್ಷಣ ಅವನೇ ಓಡಿ ಬರ್ತಾನೆ."

ಅವನು ಬರಲಿಲ್ಲ. ಕಾದು ಕಾದು ಅಣ್ಣನೇ ಹೋದ, ಬೇಡವೆಂದರೂ ಬಿಡದೆ ನಾನೂ ಬೆನ್ನು ಹತ್ತಿದೆ. ಯಾವಾಗಲೂ ಹಾರು ಹೊಡೆದಿರುತ್ತಿದ್ದ ಬಾಗಿಲು ಹಾಕಿತ್ತು. ತಟ್ಟಿದ ಮೇಲೆ ಅರ್ಧ ತೆರೆದು, ಹೊಸ್ತಿಲಿನಲ್ಲೇ ನಿಂತು ಮಾತಾಡಿದ. ಒಳಗೆ ಬಾ ಎನ್ನಲಿಲ್ಲ.

"ನಾನೇನೂ ಸುಳ್ಳು ಹೇಳಿಲ್ಲಪ್ಪ. ಅಂಗಳದಲ್ಲಿರೋ ಮರ ಯಾರದು ಅಂತ ಅವ್ರು ಕೇಳಲೇ ಇಲ್ಲ. ಬರ್ಕೊಂಡ್ರು. ಬರ್ಕೊಂಡಿದ್ದನ್ನ ನಾನು ತಿದ್ದೋಕಾಗುತ್ತಾ?"

"ಸರಿ, ಆಗಿದ್ದು ಆಯ್ತು. ಛಾವಣಿಗೆ ಆಗುವಷ್ಟಾದ್ರೂ ಕೊಡೋ," ಎಂದ ಅಣ್ಣ.

"ಎಲ್ಲಿಂದ ಕೊಡ್ಲಿ? ತೋಟ ಮತ್ತೆ ಎಬ್ಬಿಸ್ಬೇಕು. ನನಗೂ ಹೆಂಡತಿ ಮಕ್ಕಳಿದ್ದಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಥೂ! ನಮ್ಮಣ್ಣನ ಕೈಯಿಂದಲೇ ಅವನ ಗುರುತು ಕೊಯ್ಸಿದೆಯಲ್ಲೋ! ನಂಬಿಸಿ ಕತ್ತು ಕೊಯ್ಯೋದು ಅಂದ್ರೆ ಇದೇ. ಜೀಪು ಬರುತ್ತೆ ಅಂದಾಗ್ಲೇ ಲೆಕ್ಕ ಹಾಕಿದ್ದೆ ನೀನು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಅವನು ನನ್ನ ಕಡೆ ತಿರುಗಿಯೂ ನೋಡದೆ ಬಾಗಿಲು ಹಾಕಿಕೊಂಡ. ಅಣ್ಣ ನನ್ನ ತೋಳು ಹಿಡಿದು ಎಳೆದುಕೊಂಡು ಬಂದ.

ಮೇಡಂಗೆ ದೂರು ಕೊಡುವುದೆಂದು ನಾನು ಹಟ ಹಿಡಿದೆ. ಸಾಕ್ಷಿ ಬೇಕಲ್ಲ! ಗುರುತಿದ್ದ ಬಿಲ್ಲೆಗಳೇ ಸಾಕ್ಷಿ, ಅವು ಒಲೆಯಲ್ಲಿ ಬೂದಿಯಾಗಿ ಹಿತ್ತಲಿನ ಗಿಡಗಳಿಗೆ ಗೊಬ್ಬರವೂ ಆಗಿದ್ದವು. ಒಲೆಗೆ ಕಳಿಸಿದ್ದೇಕೆ ಎನ್ನುವುದು ಆಗ ಹೊಳೆಯಿತು ನನಗೆ. ಅವನನ್ನೂ ಅವನ ವಂಶವನ್ನೂ ಬೈಯುತ್ತ ಮಸೆಯುವ ಜಾಗದಲ್ಲಿ ಕೂತಿದ್ದೆ. ಅತ್ತಿಗೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು.

"ಅಲ್ವೇ, ನೀನು ಕೂತಿರೋದು ಯಾವುದರ ಮೇಲೆ?"

ಹೌದಲ್ಲ! ನನ್ನ ಮಣೆ ಹೊಳೆಯಲ್ಲಿ ಕೊಚ್ಚಿಹೋಗಿದ್ದರಿಂದ ಆ ರಾಶಿಯಲ್ಲಿ ಎಲ್ಲಕ್ಕಿಂತ ದೊಡ್ಡ ಬಿಲ್ಲೆಯನ್ನು ಕೂರಲು ಆರಿಸಿಕೊಂಡಿದ್ದೆ. ಎತ್ತಿ ಮಗುಚಿದರೆ ನಡುವೆ ನಮ್ಮಪ್ಪನ ಸೌಟು, ಬೆಳಗಿಟ್ಟ ಪಾತ್ರೆಯಷ್ಟು ಸ್ಪಷ್ಟವಾಗಿ. ಅಷ್ಟು ದಿನದಿಂದ ಸಾಕ್ಷಿಯ ಮೇಲೆ ಕೂತೇ ಶಾಪ ಹಾಕುತ್ತಿದ್ದೆ. ಅತ್ತಿಗೆಯೂ ನಾನೂ ನಕ್ಕೆವು, ನಗುತ್ತಲೇ ಅತ್ತೆವು. ಗೆದ್ದೆವು ಎಂದೇ ತಿಳಿದೆವು.

ಮೇಡಂ ಎಲ್ಲರನ್ನೂ ಆಫೀಸಿಗೆ ಕರೆಸಿದರು. ಚಿಕ್ಕ ಕೋಣೆ, ಬಾಗಿಲು ಮುಚ್ಚಿಕೊಳ್ಳದ ಕಬ್ಬಿಣದ ಬೀರುವಿಗೆ ಹಗ್ಗ ಕಟ್ಟಿದ್ದರು. ತೋಟದಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಿಟಕಿಯ ಹತ್ತಿರ ಕೂತಿದ್ದ. ನಾನು ಬಿಲ್ಲೆಯನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಮೇಜಿನ ಮೇಲೆ ದಪ್ಪನೆ ಇಟ್ಟೆ.

"ಇದು ನಮ್ಮ ಗುರುತು ಮೇಡಂ. ಇವರ ಅಂಗಳದಲ್ಲಿರೋ ದಿಮ್ಮಿಯಿಂದ ಬಂದದ್ದು."

ಮೇಡಂ ಗುರುತಿನ ಮೇಲೆ ಬೆರಳಾಡಿಸಿದರು. ಅವರ ಮುಖದಲ್ಲಿ ಅನುಮಾನವಿರಲಿಲ್ಲ, ನಂಬಿದ್ದರು. ಆಮೇಲೆ ಅಣ್ಣನ ಕಡೆ ತಿರುಗಿದರು.

"ಇದನ್ನ ಕೊಯ್ದಿದ್ದು ಯಾರು?"

"ನಾನೇ."

"ಯಾರಾದ್ರೂ ಬಲವಂತ ಮಾಡಿದ್ರಾ?"

"ಇಲ್ಲ. ಅವನು ಹೇಳಿದ, ನಾನು ಕೊಯ್ದೆ. ತುದಿ ಸೀಳಿತ್ತು ಮೇಡಂ."

"ನಿಮ್ಮ ಕಸುಬಿನಲ್ಲಿ ಗುರುತಿರೋ ತುದಿಯನ್ನ ಯಾವಾಗ ಕೊಯ್ದು ತೆಗೀತೀರಿ?"

ನಾನು ಅಣ್ಣನ ಕಾಲನ್ನು ನನ್ನ ಕಾಲಿನಿಂದ ಒತ್ತಿದೆ. ಬಾಯಿ ಮುಚ್ಚಿಕೊಂಡಿರೋ ಮಹಾರಾಯ, ಸುಮ್ಮನಿರು. ಅವನಿಗೆ ಸುಳ್ಳು ಬರುವುದಿಲ್ಲ. ಕಲಿಸಲು ನಾವ್ಯಾರೂ ಪ್ರಯತ್ನವನ್ನೂ ಮಾಡಿರಲಿಲ್ಲ.

"ಮಾರಿದಾಗ," ಎಂದ. ಸಾಲದ್ದಕ್ಕೆ, "ಇಲ್ಲಾ ಯಾರಿಗಾದ್ರೂ ಕೊಟ್ಟಾಗ."

ಆಗ ತೋಟದಣ್ಣ ಎದ್ದು ನಿಂತ. ಬೈಯುತ್ತಾನೆ, ನಮ್ಮನ್ನು ಕಳ್ಳರೆನ್ನುತ್ತಾನೆ ಎಂದುಕೊಂಡಿದ್ದೆ. ಅದಾದರೂ ಪರವಾಗಿರಲಿಲ್ಲ. ಅವನ ದನಿ ಬೆಣ್ಣೆಯ ಹಾಗಿತ್ತು.

"ಅವನು ನನಗೆ ಕೊಟ್ಟ ಮೇಡಂ. ನನ್ನ ತೋಟ ಬಿದ್ದಿತ್ತು, ನೋಡೋಕಾಗದೆ ಕೊಟ್ಟ. ನನಗೆ ಬಂದ್ರೆ ನಿನಗೆ ಬಂದ ಹಾಗೇ ಅಂತ ಭುಜ ಹಿಡಿದು ಹೇಳಿದ, ಈ ತಂಗಿನೂ ಅಲ್ಲೇ ಇದ್ಲು, ಕೇಳಿ. ಅವನ ಮನಸ್ಸು ದೊಡ್ಡದು. ಈಗ ಮನೆಯವರ ಮಾತಿಗೆ ಬೇರೆ ಹೇಳ್ತಿದ್ದಾನೆ, ನನಗೇನೂ ಬೇಜಾರಿಲ್ಲ."

ಮೇಡಂ ನನ್ನನ್ನು ನೋಡಿದರು. ಆ ಮಾತು ನಾನು ಕೇಳಿದ್ದೆ. ಅದರ ಅರ್ಥ ಹೀಗಲ್ಲ ಎಂದು ಕೂಗಿದೆ, ಏನೇನೋ ಹೇಳಿದೆ. ಕೂಗಿದಷ್ಟೂ ನಾನೇ ಸುಳ್ಳುಗಾತಿಯಂತೆ ಕೇಳಿಸುತ್ತಿತ್ತು. ಅಣ್ಣ ಮಾತ್ರ ಅವನ ಮುಖವನ್ನೇ ನೋಡುತ್ತಿದ್ದ.

"ನಾನು ಕೊಟ್ಟಿಲ್ಲ ಕಣೋ," ಎಂದ ಮೆಲ್ಲಗೆ. "ಕೇಳಿದ್ರೆ ಕೊಡ್ತಿದ್ದೆ."

ಮೇಡಂ ಬಿಲ್ಲೆಯನ್ನು ನಮ್ಮ ಕಡೆಗೆ ಸರಿಸಿ, ನನಗೆ ಬೇರೆ ದಾರಿ ಕಾಣುತ್ತಿಲ್ಲ ಎಂದರು. ತಮ್ಮ ಗುರುತನ್ನು ತಾವೇ ಕೊಯ್ದು ತೆಗೆದ ಮರವನ್ನು ಮತ್ತೆ ನಮ್ಮದು ಎಂದರೆ ಹೇಗೆ ಬರೆಯಲಿ ಎಂದು ಅಣ್ಣನನ್ನೇ ಕೇಳಿದರು. ಅಣ್ಣ, ಹೌದು ಮೇಡಂ, ನೀವೇನು ಮಾಡುತ್ತೀರಿ, ಎಂದು ಅವರನ್ನೇ ಸಮಾಧಾನ ಮಾಡಿದ. ನಾವು ತಂದ ಬಿಲ್ಲೆಯೇ ನಮ್ಮ ಬಾಯಿಗೆ ಮಣ್ಣು ಹಾಕಿತು. ಎತ್ತಿಕೊಂಡು ಮನೆಗೆ ಬಂದೆವು.

ಛಾವಣಿ ಏಳಲಿಲ್ಲ. ಮೆಷಿನ್ ತುಕ್ಕು ಹಿಡಿಯಿತು. ತಗಡನ್ನು ಗುಜರಿಯವನು ಬಂದು ಹೊತ್ತುಕೊಂಡು ಹೋದಾಗ ಅಡಿಯಲ್ಲಿ ಸುತ್ತಿಗೆ ಸಿಕ್ಕಿತು. ಅಣ್ಣ ಅದನ್ನು ಒರೆಸಿ ಅಟ್ಟದ ಮೇಲಿಟ್ಟ.

ತೋಟದಣ್ಣ ತೋಟ ಎಬ್ಬಿಸಲಿಲ್ಲ. ಅಂಗಳದಲ್ಲಿ ಶೆಡ್ಡು ಹಾಕಿ, ಹೊಸ ಮೆಷಿನ್ ತಂದು ಕೂರಿಸಿದ. ಊರಿನಲ್ಲಿ ಈಗ ಮರ ಕೊಯ್ಯುವುದು ಅದೊಂದೇ ಜಾಗ. ಆದರೆ ಅವನಿಗೆ ಮರದ ಮುಖವೇ ಗೊತ್ತಿಲ್ಲ, ನಾಲ್ಕು ದಿಮ್ಮಿ ಕೊಯ್ದು ನಾಲ್ಕನ್ನೂ ಕೆಡಿಸಿದನಂತೆ. ಕೊನೆಗೆ ಅಣ್ಣನಿಗೆ ಹೇಳಿ ಕಳಿಸಿದ, ಕೂಲಿಗೆ ಬಾ ಎಂದು.

ಅಣ್ಣ ಬುತ್ತಿ ಕಟ್ಟಿಸಿಕೊಂಡು ಹೊರಟಾಗ ನಾನು ಬಾಗಿಲಿಗೆ ಅಡ್ಡ ನಿಂತೆ.

"ನಾಚಿಕೆ ಆಗಲ್ವೇನೋ ನಿನಗೆ? ನಿನ್ನ ಮರವನ್ನ ನೀನೇ ಅವನಿಗೆ ಕೊಯ್ದು ಕೊಡ್ತೀಯಾ?"

"ಆಗುತ್ತೆ," ಎಂದ. "ನನಗೆ ಬೇರೆ ಏನು ಕೆಲಸ ಬರುತ್ತೆ ಹೇಳೇ. ಮನೆ ನಡೀಬೇಕಲ್ಲ."

ನಾನು ದಾರಿ ಬಿಟ್ಟೆ.

ವಾರ ಕಳೆದ ಮೇಲೆ ಅಣ್ಣನೇ ಒಂದು ಗೋಣಿಚೀಲವನ್ನು ಹೆಗಲ ಮೇಲೆ ಹೊತ್ತು ತಂದ. ನನ್ನ ಮುಂದೆ ಇಟ್ಟು, ಮುಖ ನೋಡದೆ ಒಳಗೆ ಹೋದ. ಬಿಚ್ಚಿದರೆ ತೋಟದಣ್ಣನ ಹೊಸ ಮೆಷಿನ್ನಿನ ಬ್ಲೇಡು. ಹಲ್ಲುಗಳೆಲ್ಲ ಮೊಂಡಾಗಿದ್ದವು. ನೋಡುತ್ತಿದ್ದಂತೆ ನನಗೆ ತಲೆಗೆ ರಕ್ತ ಏರಿತು. ನೆಲಕ್ಕೆ ಬಡಿದು ಒಂದೊಂದೇ ಹಲ್ಲು ಮುರಿದು ಹಾಕೋಣವೆನಿಸಿತು. ಇಲ್ಲವೇ ಆ ಪೇಟೆಯವನ ಹಾಗೆ ಏರುಪೇರಾಗಿ ಮಸೆದು ಕಳಿಸಬೇಕು, ಅವನ ಮರವೆಲ್ಲ ಹಾಳಾಗಲಿ, ಮೆಷಿನ್ ಮುರಿದು ಬೀಳಲಿ ಎನಿಸಿತು. ಅರವನ್ನು ಎತ್ತಿ ಮೊದಲ ಹಲ್ಲಿನ ಮೇಲೆ ಅಡ್ಡಾದಿಡ್ಡಿ ಇಟ್ಟೂ ಬಿಟ್ಟೆ.

ಒಳಗೆ ಅಣ್ಣ ಕೈ ತೊಳೆಯುತ್ತಿದ್ದ. ಅರ್ಧ ಬೆರಳಿನ ಆ ಕೈ ಬಾಗಿಲ ಸಂದಿನಿಂದ ಕಾಣುತ್ತಿತ್ತು. ನಾಳೆ ಈ ಬ್ಲೇಡಿಗೆ ಮರ ದೂಡುವುದು ಅದೇ ಕೈ.

ಬಿಲ್ಲೆಯನ್ನು ಎಳೆದುಕೊಂಡು ಅದರ ಮೇಲೆ ಕೂತೆ. ಅಷ್ಟೂ ಹಲ್ಲುಗಳನ್ನು ಯಾವತ್ತಿನ ಹಾಗೆಯೇ, ಒಂದನ್ನೂ ಬಿಡದೆ, ಚೆನ್ನಾಗಿ ಮಸೆದು ಗೋಣಿಚೀಲದಲ್ಲಿ ಸುತ್ತಿಟ್ಟೆ. ಈಗ ಪ್ರತಿ ವಾರವೂ ಮಸೆಯುತ್ತೇನೆ.